ಒಂದೇ ಕಳ್ಳ, ಎರಡು ಜೊತೆ ಕೈ

ನನ್ನನ್ನು ಹಿಡಿದವರಿಗೆ ಲೆಕ್ಕವಿಲ್ಲ. ನೋಡಿದವರು ಮಾತ್ರ ಬಹಳ ಕಡಿಮೆ. ನನ್ನ ಜಾತಿಯ ಹಣೆಬರಹವೇ ಅಂಥದು. ಕೈ ನನ್ನ ಮೇಲೆ ಇರುತ್ತದೆ, ಕಣ್ಣು ಟಿವಿಯ ಮೇಲೆ. ಗಂಟೆಗಟ್ಟಲೆ ಎದೆಗವಚಿಕೊಂಡು ಕೂತವರೂ ಎದ್ದು ಹೋಗುವಾಗ ನನ್ನನ್ನು ಎಲ್ಲಿ ಇಟ್ಟೆವೆಂದು ಮರೆಯುತ್ತಾರೆ.

ನಾನು ವಿಡಿಯೋ ಗೇಮಿನ ಕಂಟ್ರೋಲರ್. ಎರಡು ಅಂಗೈ ತುಂಬುವ ಕಪ್ಪು ಮೈ, ಹೆಬ್ಬೆರಳುಗಳಿಗೆಂದು ಎರಡು ಗಿಡ್ಡ ಕಡ್ಡಿ, ಒಂದಿಷ್ಟು ಗುಂಡಿಗಳು, ಹೊಟ್ಟೆಯಲ್ಲಿ ಎರಡು ಸೆಲ್ ಹಿಡಿಯುವಷ್ಟು ಜಾಗ. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಹುಟ್ಟಿದೊಡನೆ ಯಾರೋ ನನ್ನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು, ಮಗು ಅತ್ತಿತೇ ಎಂದು ಸೂಲಗಿತ್ತಿ ನೋಡುವ ಹಾಗೆ. ನಾನು ಅಳಲಿಲ್ಲ, ನಡುಗಿದೆ. ನನಗೆ ಬರುವ ಮಾತು ಅದೊಂದೇ. ಆಟದಲ್ಲಿ ಏಟು ಬಿದ್ದರೆ ನಡುಗುತ್ತೇನೆ, ಗುಡುಗಿದರೆ ನಡುಗುತ್ತೇನೆ. ಉಳಿದಂತೆ ಕೇಳಿಸಿಕೊಳ್ಳುವುದು ನನ್ನ ಕೆಲಸ.

ಮೊದಲ ಒಡೆಯ ಹುಬ್ಬಳ್ಳಿಯ ಇಮ್ತಿಯಾಜ್. ಕೊಪ್ಪಿಕರ ರಸ್ತೆಯ ಒಂದು ಮಹಡಿಯ ಮೇಲೆ ಅವನ ಗೇಮ್ ಪಾರ್ಲರ್ ಇತ್ತು. ಕಾಲೇಜಿಗೆಂದು ಮನೆ ಬಿಟ್ಟವರೆಲ್ಲ ಅಲ್ಲಿಗೆ ಬಂದು ಫುಟ್‌ಬಾಲ್ ಆಡುತ್ತಿದ್ದರು. ಗೋಲು ಬಿಟ್ಟುಕೊಟ್ಟರೆ ಬೈಗುಳ ಎದುರಾಳಿಗೆ, ಏಟು ನನಗೆ. "ಲೇ, ಅದು ಕಂಟ್ರೋಲರ್ ಐತಿ, ನಿಮ್ಮಪ್ಪನ ಎತ್ತಿನ ಕೊಂಬಲ್ಲ!" ಎಂದು ಇಮ್ತಿಯಾಜ್ ಕೂಗುತ್ತಿದ್ದ. ಅವನು ಗುರುತಿಗೆಂದು ನನ್ನ ಬೆನ್ನಿಗೆ ಕೆಂಪು ಇನ್ಸುಲೇಶನ್ ಟೇಪು ಸುತ್ತಿದ. ಆ ಗದ್ದಲದ ದಿನಗಳಲ್ಲಿ ನನಗೆ ಒಂಟಿತನ ಎಂಬ ಮಾತಿನ ಅರ್ಥ ಗೊತ್ತಿರಲಿಲ್ಲ. ಆಮೇಲೆ ಎಲ್ಲರ ಕಿಸೆಯೊಳಗೂ ಆಟ ಬಂತು. ಪಾರ್ಲರಿನ ಕುರ್ಚಿಗಳು ಖಾಲಿಯಾದವು. ಇಮ್ತಿಯಾಜ್ ಅದೇ ಜಾಗದಲ್ಲಿ ಮೊಬೈಲ್ ಕವರು ಮಾರಲು ಕೂತ. ತನ್ನ ಕಸುಬು ಕೊಂದವನಿಗೇ ಅಂಗಿ ಹೊಲಿದು ಕೊಡುವುದೆಂದರೆ ಅದೇ ಇರಬೇಕು.

ಗೇಮಿನ ಯಂತ್ರ, ಅದರ ಜೊತೆ ನಾನು, ಗೀಚು ಬಿದ್ದ ಕೆಲವು ಡಿಸ್ಕು, ಇಷ್ಟನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಹೋದವನು ರುದ್ರಮುನಿ. ಗೂಡ್ಸ್ ಗಾಡಿಯ ಗಾರ್ಡ್. ಈಚೆಗೆ ಆ ಹುದ್ದೆಗೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರು ಇಟ್ಟಿದ್ದಾರಂತೆ. ಕೂರುವ ಡಬ್ಬಿ ಮಾತ್ರ ಹಳೆಯದೇ. ಮೈಲುದ್ದದ ಗಾಡಿಯ ಕಟ್ಟಕಡೆಗೆ ಒಂದು ಸಣ್ಣ ಡಬ್ಬಿ, ಅದರೊಳಗೆ ಒಬ್ಬನೇ ಮನುಷ್ಯ. ಮುಂದೆ ಏನಿದೆ ಎಂಬುದು ಅವನಿಗೆ ಕಾಣುವುದಿಲ್ಲ. ದಾಟಿ ಬಂದದ್ದು ಮಾತ್ರ ಕಾಣುತ್ತದೆ.

ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವನ ಮನೆ. ಹೆಂಡತಿ ನೀಲಾಂಬಿಕಾ ಒಂದು ಖಾಸಗಿ ಆಸ್ಪತ್ರೆಯ ಐಸಿಯುದಲ್ಲಿ ನರ್ಸು. ಅವಳದು ಹೆಚ್ಚಾಗಿ ರಾತ್ರಿ ಪಾಳಿ. ಅವನ ಗಾಡಿಗೆ ವೇಳಾಪಟ್ಟಿಯೇ ಇಲ್ಲ. ಫೋನು ಬಂದಾಗ ಬ್ಯಾಗು ಎತ್ತಿಕೊಂಡು ನಡೆಯಬೇಕು. ಅವನು ಬರುವಷ್ಟರಲ್ಲಿ ಅವಳು ಹೋಗಿರುತ್ತಿದ್ದಳು. ಅವಳು ಬಂದಾಗ ಅವನು ಲೋಂಡಾದಲ್ಲೋ ಕ್ಯಾಸಲ್‌ರಾಕಿನಲ್ಲೋ ಇರುತ್ತಿದ್ದ. ಬೀಗದ ಕೈ ಮೀಟರ್ ಡಬ್ಬಿಯ ಮೇಲೆ ಇಡುತ್ತಿದ್ದರು. ಮದುವೆಯಾದ ಮೇಲೆ ಅವರಿಬ್ಬರ ಕೈ ಅತಿ ಹೆಚ್ಚು ಕೂಡಿದ್ದು ಆ ಬೀಗದ ಕೈಯ ಮೇಲೆಯೇ.

ರುದ್ರಮುನಿಗೆ ಹಿಡಿಸಿದ್ದು ಇಮ್ತಿಯಾಜನ ಪಾರ್ಲರಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಒಂದು ಡಿಸ್ಕು. ಅದರಲ್ಲಿ ಗೋಲಿಲ್ಲ, ಗೆಲುವಿಲ್ಲ. ಒಂದು ದೊಡ್ಡ ರಾಜ್ಯ, ಊರುಗಳು, ಕಾಡು, ಮಳೆ. ಹರಕು ಅಂಗಿಯ ಒಬ್ಬ ಮನುಷ್ಯ ಒಡೆದ ದೋಣಿಯಿಂದ ದಡಕ್ಕೆ ಬಂದು ಬೀಳುತ್ತಾನೆ. ಅಲ್ಲಿಂದಾಚೆಗೆ ಎಲ್ಲಿ ಬೇಕಾದರೂ ಹೋಗಬಹುದು, ಏನು ಬೇಕಾದರೂ ಆಗಬಹುದು; ಬದುಕಿ ಉಳಿದರೆ. ರುದ್ರಮುನಿ ಅವನಿಗೆ ಪರದೇಶಿ ಎಂದು ಹೆಸರಿಟ್ಟ. ಸದಾ ಮಳೆ ಸುರಿಯುವ ಮೊದಲ ಊರಿಗೆ ಲೋಂಡಾ ಎಂದು ಕರೆದ. ಕಷ್ಟಪಟ್ಟು ಒಂದು ಕುದುರೆ ಸಂಪಾದಿಸಿದಾಗ ಅದಕ್ಕೆ ಇಟ್ಟ ಹೆಸರು ಬ್ಯಾಂಕರ್. ಘಾಟಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕಿ ಏರಿಸುವ ಎಂಜಿನ್ನಿಗೆ ರೈಲ್ವೆಯವರು ಹಾಗೆ ಅನ್ನುತ್ತಾರೆ. ಗಾರ್ಡಿನ ಒಂಟಿ ಡಬ್ಬಿಗೆ ಬೆನ್ನು ಹಚ್ಚಿ ನಿಲ್ಲುವ ಜೀವ ಅದೊಂದೇ.

ಇಬ್ಬರಿಗೂ ಅಪರೂಪಕ್ಕೆ ಒಟ್ಟಿಗೆ ರಜೆ ಸಿಕ್ಕ ಒಂದು ಮಧ್ಯಾಹ್ನ ಅವನು ನನ್ನನ್ನು ಅವಳ ಕೈಗೆ ಕೊಟ್ಟ.

"ಮೊದಲನೇದು, ಯಾರ ಜೋಡಿನೂ ಜಗಳಕ್ಕ ಹೋಗಬ್ಯಾಡ. ಹೊಟ್ಟಿ ನೋಡ್ಕೋ. ಮೂಲ್ಯಾಗ ಗೆರಿ ಐತಲ್ಲ, ಅದು ಇಳದ್ರ ಕಣ್ಣು ಕತ್ತಲಿ ಬಂದು ಬೀಳ್ತಾನ."

"ಶುಗರ್ ಪೇಶಂಟ್ ಇದ್ದಂಗ ಅದಾನ್ ಬಿಡ್ರಿ ಇವ."

"ಸಿಕ್ಕಿದ್ದೆಲ್ಲಾ ಹೊರಬ್ಯಾಡ. ಖಡ್ಗಾ ವಜ್ಜಿ, ನಡಿಯಾಕ ಆಗಂಗಿಲ್ಲ. ಉಂಗುರ, ಔಷಧದ ಬೇರು, ಇಂಥಾ ಹಗೂರ ಇದ್ದದ್ದು ತಗೋ. ಮತ್ತ ಮಲಗಿದ್ರ ಅಷ್ಟ ಆಟ ಉಳಿತೈತಿ, ಮಲಗೂದು ಮರಿಬ್ಯಾಡ."

"ಅದೊಂದು ನಮ್ಮ ಮನ್ಯಾಗ ಯಾರಿಗೂ ಬರಂಗಿಲ್ಲ."

"ಕೇಳಿಲ್ಲೆ. ಕದಿಯಾಕ ಹೋಗೂ ಮುಂದ ಕಬ್ಬಿಣದ ಅಂಗಿ ಕಳಿ, ಸಪ್ಪಳಾ ಮಾಡತೈತಿ. ಮೊದಲ ಗಿರಾಕಿ ಆಗಿ ಹೋಗಿ ಮನಿ ಹೆಂಗೈತಿ ನೋಡ್ಕೊಂಡ್ ಬಾ. ಅವರು ಊಟಕ್ಕ ಕುಂತಾಗ ಬಗ್ಗಿ ಒಳಗ ಹೋಗು. ಹೊಕ್ಕ ಮ್ಯಾಲ ಬಾಗಲಾ ಮುಚ್ಚು. ಕದ್ದ ಊರಾಗ ಮಾರಬ್ಯಾಡ. ಕದ್ದದ್ದರ ಮ್ಯಾಲ ಒಂದು ಕೆಂಪು ಕೈ ಗುರುತು ಬೀಳತೈತಿ, ಅದು ಎಂದೂ ಹೋಗಂಗಿಲ್ಲ."

ನೀಲಾ ಅವನ ಮುಖವನ್ನೇ ನೋಡಿದಳು. "ಇಷ್ಟೆಲ್ಲಾ ತಿಳದಾವ್ರು ರೈಲ್ವೆಕ ಯಾಕ ಸೇರಿದ್ರಿ?"

ಅವನು ನಗುತ್ತಿದ್ದಾಗ ಫೋನು ಬಂತು. ಬ್ಯಾಗು ಎತ್ತಿಕೊಂಡು ಹೋದ. ನಾನು ಅವಳ ಕೈಯಲ್ಲಿ ಉಳಿದೆ.

ಅವಳ ಕೈಯ ಬಗ್ಗೆ ಹೇಳಲೇಬೇಕು. ರುದ್ರಮುನಿ ನನ್ನನ್ನು ಹಿಡಿಯುತ್ತಿದ್ದದ್ದು ಬ್ರೇಕಿನ ಚಕ್ರ ಹಿಡಿದ ಹಾಗೆ. ಬಗ್ಗಿ ನಡೆಯಬೇಕಾದಲ್ಲಿ ಧಡಧಡ ಓಡಿಸಿ ಪರದೇಶಿಯನ್ನು ಸಿಕ್ಕಿಬೀಳಿಸುತ್ತಿದ್ದ. ನೀಲಾಳದು ನಿದ್ದೆ ಹತ್ತಿದ ರೋಗಿಯನ್ನು ಎಬ್ಬಿಸದೆ ಸಲೈನ್ ಬಾಟಲಿ ಬದಲಿಸುವ ಕೈ. ಅವಳ ಹೆಬ್ಬೆರಳಿನ ಕೆಳಗೆ ಪರದೇಶಿ ಬೆಕ್ಕಾದ. ಸಾಹುಕಾರನ ಸೊಂಟದಿಂದ ಬೀಗದ ಗೊಂಚಲು ಎತ್ತಿದರೂ ಅವನ ಗೊರಕೆಯ ತಾಳ ತಪ್ಪುತ್ತಿರಲಿಲ್ಲ. ಇಂಥ ಕಳ್ಳಿಗೆ ಒಂದೇ ತೊಂದರೆ: ನೇಮನಿಷ್ಠೆ ಬಹಳ. ಪರದೇಶಿಗೆ ಮೀನು ಮಾಂಸ ತಿನ್ನಿಸಲು ಅವಳು ಸುತರಾಂ ಒಪ್ಪಲಿಲ್ಲ. ಕಾಡಿನ ತುಂಬ ಮೊಲ ಓಡಾಡುತ್ತಿದ್ದರೂ ಲಿಂಗಾಯತರ ಕೈಗೆ ಸಿಕ್ಕ ಆ ಬಡಪಾಯಿ ಅಣಬೆ ಬೇಯಿಸಿಕೊಂಡು ತೂಕಡಿಸುತ್ತ ನಡೆಯುತ್ತಿದ್ದ. ಕಾವಲುಗಾರರಿಗಿಂತ ಹೆಚ್ಚು ಸಲ ಅವನನ್ನು ಕೊಂದದ್ದು ಈ ಪಥ್ಯ; ಸತ್ತಾಗಲೆಲ್ಲ ಹಿಂದೆ ಮಲಗಿದ್ದ ಹಾಸಿಗೆಯಿಂದಲೇ ಮತ್ತೆ ಏಳುತ್ತಿದ್ದ.

ಪರದೇಶಿ ಒಬ್ಬನೇ, ಆಡುವವರು ಇಬ್ಬರು. ಅವನ ಆಟ ನಿಂತಲ್ಲಿಂದ ಅವಳದು ಶುರು. ಲೋಂಡಾದ ಛತ್ರದ ಮೇಲೊಂದು ಬಾಡಿಗೆ ಕೋಣೆ, ಕೋಣೆಯಲ್ಲೊಂದು ಮರದ ಪೆಟ್ಟಿಗೆ. ರುದ್ರಮುನಿ ಗಾಡಿಗೆ ಹೋಗುವ ಮುನ್ನ ಅದರಲ್ಲಿ ಏನಾದರೂ ಇಟ್ಟು ಹೋಗುತ್ತಿದ್ದ: ಒಂದು ಸೇಬು, ಬೆಳ್ಳಿಯ ಬಾಚಣಿಗೆ. ನೀಲಾ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಪೆಟ್ಟಿಗೆ ತೆರೆಯುತ್ತಿದ್ದಳು. ಬಾಚಣಿಗೆ ತೆಗೆದುಕೊಂಡರೆ ಅದರ ಜಾಗದಲ್ಲಿ ಬೇರೇನಾದರೂ ಇಡದೆ ಮುಚ್ಚುತ್ತಿರಲಿಲ್ಲ. ಅವನ ಕೈಯ ಬಿಸಿ ಆರುವ ಮೊದಲೇ ಅವಳ ಕೈ ಬಂದ ದಿನವೂ ಇತ್ತು. ಅವರಿಬ್ಬರೂ ಒಂದೇ ಮನೆಯಲ್ಲಿದ್ದಾರೆ ಎಂಬುದಕ್ಕೆ ಆಗ ನಾನೊಬ್ಬನೇ ಸಾಕ್ಷಿ.

ಖಾಲಿ ಬಿಡಬಾರದು ಎಂಬ ಆ ರೂಢಿ ಆಟದಿಂದ ಬಂದದ್ದಲ್ಲ. ಬಾಜೂ ಮನೆಯ ಗಂಗಾಬಾಯಿ ಹೋಳಿಗೆಯನ್ನೋ ಶೇಂಗಾ ಚಟ್ನಿಯನ್ನೋ ಕೊಟ್ಟು ಕಳಿಸಿದ ಸ್ಟೀಲ್ ಡಬ್ಬಿಯನ್ನು ನೀಲಾ ಎಂದೂ ಬರಿದೇ ಹಿಂದಿರುಗಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದಳು. ಬರಿ ಡಬ್ಬಿ ಕೊಟ್ಟರೆ ಎರಡೂ ಮನೆಗೆ ಒಳ್ಳೆಯದಲ್ಲವಂತೆ.

ಅದೇ ರೂಢಿ ಪರದೇಶಿಯನ್ನು ಜೈಲಿಗೆ ಹಾಕಿಸಿತು.

ಒಂದು ದಿನ ಪರದೇಶಿಯ ಹಸಿವಿನ ಗೆರೆ ತಳ ಮುಟ್ಟಿತ್ತು. ಲೋಂಡಾದ ಮೂಲೆಯಲ್ಲಿ ರೊಟ್ಟಿ ಸುಡುವ ಮುದುಕಿಯೊಬ್ಬಳ ಮನೆ. ನೀಲಾ ಬಗ್ಗಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ಒಲೆಯ ಮೇಲಿದ್ದ ಬಟಾಣಿ ಗಂಜಿಯನ್ನು ಗಡಿಗೆ ಸಮೇತ ಎತ್ತಿಕೊಂಡು ಬಂದಳು. ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಪರದೇಶಿ ಗಂಜಿ ಕುಡಿದ, ಜೀವ ಬಂತು. ಆದರೆ ಕೈಯಲ್ಲಿ ಖಾಲಿ ಗಡಿಗೆ ಉಳಿಯಿತು. ನೀಲಾ ಅದನ್ನು ನೋಡಿದಳು. ಬೇರೆ ಯಾವ ಊರಿನ ಕಳ್ಳನಾದರೂ ಗಡಿಗೆಯನ್ನು ಮಾರುತ್ತಿದ್ದ, ಇಲ್ಲವೇ ಹೊಳೆಗೆ ಬಿಸಾಡುತ್ತಿದ್ದ. ಇವಳು ಅದರಲ್ಲಿ ಒಂದು ಹಿಡಿ ಹಣ್ಣು ಹಾಕಿಕೊಂಡು ಮುದುಕಿಯ ಮನೆಗೆ ವಾಪಸು ಹೋದಳು. ಅದೂ ಸೀದಾ ನಡೆದುಕೊಂಡು, ಬಾಗಿಲು ತೆರೆದು. ಕೊಡಲು ಹೋಗುವವರು ಬಗ್ಗಿ ನಡೆಯುವುದುಂಟೇ?

ಗಡಿಗೆಯನ್ನು ಮೇಜಿನ ಮೇಲೆ ಇಟ್ಟಳು. ಆಟಕ್ಕೆ ಕಂಡದ್ದು ಇಷ್ಟೇ: ಪರರ ಮನೆ, ಒಬ್ಬ ಪರದೇಶಿ, ಕೆಂಪು ಕೈ ಗುರುತಿನ ಗಡಿಗೆ. ಮುದುಕಿ ಕಿರುಚಿದಳು. ನಾನು ನಡುಗಿದೆ. ಕಾವಲುಗಾರರು ಬಂದರು. ನೀಲಾ ಟಿವಿಗೆ ಕೇಳುವಂತೆ "ಕೊಡಾಕ ಬಂದೇನ್ರೀ, ಕೊಡಾಕ!" ಎಂದಳು. ಟಿವಿ ಕೇಳಲಿಲ್ಲ. ಪರದೇಶಿಯ ಸಾಮಾನೆಲ್ಲ ಜಪ್ತಿಯಾಯಿತು. ಕುದುರೆ ಹರಾಜಿಗೆ ಹೋಯಿತು. ಜೈಲಿನಲ್ಲಿ ಮಲಗಿದೊಡನೆ ಆಟ ಉಳಿದುಬಿಟ್ಟಿತು. ಇನ್ನು ಹಿಂದಕ್ಕೆ ಹೋಗುವ ದಾರಿಯಿಲ್ಲ, ಆದದ್ದು ಆಯಿತು.

ಸಂಜೆ ನೀಲಾ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ರುದ್ರಮುನಿ ಬಂದ. ಮೂರು ದಿನ ಗಾಡಿಯಲ್ಲಿದ್ದ ಮೈ, ಕೆಂಪಾದ ಕಣ್ಣು. ಬ್ಯಾಗು ಇಳಿಸುವ ಮೊದಲೇ ಟಿವಿ ಹಚ್ಚಿದ. ಪರದೇಶಿ ಸರಳುಗಳ ಹಿಂದೆ ಕೂತಿದ್ದ.

"ಬ್ಯಾಂಕರ್ ಎಲ್ಲೈತಿ?"

"ತಗೊಂಡ್ ಹೋದ್ರು."

"ಯಾಕ?"

ಅವಳು ಹೇಳಿದಳು.

"ಗಡಿಗಿ ಕೊಡಾಕ ಹೋಗಿದ್ದಿ?" ಅವನ ದನಿ ಏರಿತು. "ತಲಿ ಐತೇನು ನಿನಗ? ಯಾರರ ಕದ್ದದ್ದು ತಿರುಗಿ ಕೊಡ್ತಾರೇನು? ಆಟ ಐತಿ ಅದು, ನೀಲಾ, ಆಟ!"

"ಹೌದ್ರಿ, ಆಟ. ಅದಕ್ಕರ ಇಷ್ಟು ಸಿಟ್ಟಿಗಿ ಬರ್ತೀರಲ್ಲ. ವಾರದಾಗ ಒಮ್ಮಿ ಮಾರಿ ನೋಡ್ತೀರಿ, ಕುದರಿ ಎಲ್ಲೈತಿ ಅಂತೀರಿ. ನಾ ಹೆಂಗದೀನಿ ಅಂತ ಕೇಳಿದ್ರೇನು?"

"ನಾ ಅಲ್ಲೆ ಡಬ್ಬ್ಯಾಗ ಒಬ್ಬನ ಕುಂತು—"

"ನಾ ಇಲ್ಲೆ ಜಾತ್ರ್ಯಾಗ ಕುಂತಿರ್ತೀನೇನು?"

ಬಾಗಿಲು ಮೆಲ್ಲಗೆ ಮುಚ್ಚಿತು. ಧಡ್ ಎಂದಿದ್ದರೆ ಚೆನ್ನಾಗಿತ್ತು.

ಆಮೇಲೆ ನನಗೆ ಒಂದೇ ಜೊತೆ ಕೈ. ಬೆಳಿಗ್ಗೆ ನೀಲಾ ಬರುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅವಳು ಫ್ಯಾನ್ ಹಾಕಲು ಎದ್ದಾಗಲೆಲ್ಲ ನನ್ನ ಕಡೆ ಬರುತ್ತಿದ್ದಾಳೆಂದು ಅಂದುಕೊಳ್ಳುತ್ತಿದ್ದೆ. ಇಮ್ತಿಯಾಜನ ಪಾರ್ಲರಿನಲ್ಲಿ ತಿಂದ ಏಟುಗಳೂ ಆಗ ನೆನಪಿಗೆ ಬಂದವು. ಏಟು ಹೊಡೆಯಲಾದರೂ ಯಾರೋ ಮುಟ್ಟುತ್ತಿದ್ದರು.

ರುದ್ರಮುನಿ ಪರದೇಶಿಯನ್ನು ಜೈಲಿನಿಂದ ಬಿಡಿಸಿಕೊಂಡ. ಮತ್ತೆ ಕದ್ದ. ಕದ್ದದ್ದರಲ್ಲಿ ಚೆಂದದ್ದನ್ನೆಲ್ಲ ಆರಿಸಿ ಪೆಟ್ಟಿಗೆಯಲ್ಲಿಟ್ಟ: ಉಂಗುರ, ಮುತ್ತಿನ ಸರ, ರೇಷ್ಮೆಯ ಬಟ್ಟೆ. ಮರುಸಲ ಬಂದು ನೋಡಿದರೆ ಎಲ್ಲ ಇಟ್ಟಲ್ಲೇ ಇದ್ದವು. ಒಂದು ದಿನ ಅವನು ಪೆಟ್ಟಿಗೆ ತೆರೆದು ಒಂದೊಂದನ್ನೇ ನೋಡಿದ. ಪ್ರತಿಯೊಂದರ ಮೇಲೂ ಕೆಂಪು ಕೈ. ತಿರುಗಿ ಕೊಡಲು ಹೋದವಳನ್ನು ಬೈದವನು ಅವಳಿಗೆಂದು ಇಟ್ಟದ್ದೂ ಕದ್ದದ್ದನ್ನೇ. ಅವನ ಹೆಬ್ಬೆರಳು ನನ್ನ ಕಡ್ಡಿಯ ಮೇಲೆ ಅಲುಗದೆ ನಿಂತಿತ್ತು. ಗಾಡಿ ಘಾಟು ಇಳಿಯುವಾಗ ಅವನ ಕೈ ಬ್ರೇಕಿನ ಮೇಲೆ ಹಾಗೇ ನಿಲ್ಲುತ್ತದೆಂದು ತೋರುತ್ತದೆ.

ಅವನು ಅಷ್ಟನ್ನೂ ಹೊತ್ತುಕೊಂಡು ಹೋಗಿ ಕಾವಲುಗಾರರ ಮುಂದೆ ಸುರಿದ. ಪರದೇಶಿ ಮತ್ತೆ ಜೈಲಿಗೆ ಹೋದ. ಈ ಸಲ ತಾನಾಗಿ. ಹೊರಗೆ ಬಂದು ಮೈಮೇಲಿನ ಹರಕು ಅಂಗಿಯೊಂದಿಗೆ ಲೋಂಡಾದ ಕಟ್ಟಿಗೆ ಅಡ್ಡೆಗೆ ಕೂಲಿಗೆ ಸೇರಿದ.

ಈ ಆಟದಲ್ಲಿ ಪ್ರಾಮಾಣಿಕವಾಗಿ ಬದುಕುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಒಂದೇ ಗುಂಡಿ ಒತ್ತಬೇಕು. ಕೊಡಲಿ ಏಳುತ್ತದೆ, ಬೀಳುತ್ತದೆ. ಮತ್ತೆ ಒತ್ತಬೇಕು. ತಿಂಗಳುಗಟ್ಟಲೆ ಅವನು ಅದನ್ನೇ ಮಾಡಿದ. ನನ್ನ ಆ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋದದ್ದು ಆಗಲೇ. ಬಂದ ಕೂಲಿಯಲ್ಲಿ ಆ ಮುದುಕಿಯ ಹತ್ತಿರವೇ ರೊಟ್ಟಿ ಕೊಂಡು ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಕಡೆಗೆ ಒಂದು ಮಣ್ಣಿನ ಗಡಿಗೆಯನ್ನೂ ಕೊಂಡ. ಯಾವುದರ ಮೇಲೂ ಕೆಂಪು ಗುರುತಿಲ್ಲ. ನೀಲಾಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಗಂಡಸರು ತಪ್ಪೊಪ್ಪಿಕೊಳ್ಳುವ ರೀತಿ ನನಗೆ ಅಷ್ಟಿಷ್ಟು ಗೊತ್ತು: ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು, ಅವಳು ಯಾಕೆ ನೋಡಲಿಲ್ಲ ಎಂದು ಕೊರಗುತ್ತಾರೆ.

ಅದು ಹೊರಗೆ ಬಂದದ್ದು ಗೋಡೆಯ ಮೂಲಕ. ಒಂದು ಬೆಳಿಗ್ಗೆ ಗಂಗಾಬಾಯಿ ತನ್ನ ಡಬ್ಬಿ ಒಯ್ಯಲು ಬಂದವಳು ಅಡುಗೆಮನೆಯಲ್ಲಿ ಇಣುಕಿ ನೋಡಿದಳು.

"ಯವ್ವಾ ನೀಲವ್ವ, ಗ್ಯಾಸ್ ಐತಲ್ಲ ನಿಮ್ಮನ್ಯಾಗ?"

"ಐತಿ. ಯಾಕ್ರಿ ಕಾಕು?"

"ಮತ್ತ ನಿನ್ನ ಗಂಡ ಮನ್ಯಾಗ ಇದ್ದಾಗೊಮ್ಮೆ ಕಟಗಿ ಯಾಕ ಕಡೀತಾನ? ಕಟ್, ಕಟ್, ಕಟ್. ನಮ್ಮ ಗ್ವಾಡಿಗಿ ಬಡದಂಗ ಆಗ್ತೈತಿ. ಹಿತ್ತಲದಾಗ ನೋಡಿದ್ರ ಒಂದು ಸೌದಿ ಇಲ್ಲ!"

ನೀಲಾ ನನ್ನ ಕಡೆ ತಿರುಗಿದಳು. ಆ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ನಿಜವಾಗಿ ನೋಡಿದ್ದು ಅದೇ ಮೊದಲು. ಗಂಗಾಬಾಯಿ ಹೋದ ಮೇಲೆ ನನ್ನನ್ನು ಎತ್ತಿಕೊಂಡಳು. ಸವೆದ ಗುಂಡಿಯ ಮೇಲೆ ಬೆರಳಾಡಿಸಿದಳು, ನಾಡಿ ನೋಡುವ ಹಾಗೆ. ಟಿವಿ ಹಚ್ಚಿದಳು.

ಪರದೇಶಿ ಕೋಣೆಯಲ್ಲಿ ಕೊಡಲಿ ಹಿಡಿದು ನಿಂತಿದ್ದ. ಖಡ್ಗವಿಲ್ಲ, ಕುದುರೆಯಿಲ್ಲ. ಪೆಟ್ಟಿಗೆ ತೆರೆದಳು. ಒಂದರ ಮೇಲೊಂದು ರೊಟ್ಟಿ, ಅವುಗಳ ಪಕ್ಕದಲ್ಲಿ ಗಡಿಗೆ. ಒಂದೊಂದರ ಹೆಸರನ್ನೂ ನೋಡುತ್ತ ಕೆಳಗಿನ ತನಕ ಹೋದಳು. ಕೆಂಪು ಕೈ ಎಲ್ಲೂ ಇರಲಿಲ್ಲ. ಅವಳ ತಲೆಯ ಟವೆಲು ಬಿಚ್ಚಿ ಹೆಗಲ ಮೇಲೆ ಬಿತ್ತು. ನನ್ನ ಮೇಲೆ ಒಂದೆರಡು ಹನಿ ಬಿದ್ದವು. ಒದ್ದೆ ಕೂದಲಿನವೇ ಇರಬಹುದು. ನಾನು ಕೆಳಗಿದ್ದವನು, ಖಚಿತವಾಗಿ ಹೇಳಲಾರೆ.

ಅವಳು ಪರದೇಶಿಗೆ ಒಂದು ರೊಟ್ಟಿ ತಿನ್ನಿಸಿದಳು. ಆಮೇಲೆ ಗಡಿಗೆ ತೆಗೆದುಕೊಂಡು ಅವನನ್ನು ಕಾಡಿಗೆ ಓಡಿಸಿದಳು. ಜೇನು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಜೇನುನೊಣಗಳು ಕಚ್ಚಿದಷ್ಟು ಹೊತ್ತೂ ನಾನು ನಡುಗಿದೆ, ಅವಳು ಬಿಡಲಿಲ್ಲ. ಗಡಿಗೆ ತುಂಬ ಜೇನು ತಂದು ಪೆಟ್ಟಿಗೆಯಲ್ಲಿ ಇಟ್ಟು, ಪರದೇಶಿಯನ್ನು ಮಲಗಿಸಿ, ಆ ರಾತ್ರಿ ಡ್ಯೂಟಿಗೆ ಬರುವುದಿಲ್ಲ ಎಂದು ಆಸ್ಪತ್ರೆಗೆ ಫೋನು ಮಾಡಿದಳು.

ಮಧ್ಯಾಹ್ನ ರುದ್ರಮುನಿ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಅವನು ಅವಳಿರುವುದನ್ನು ಗಮನಿಸದೆ ನನ್ನನ್ನು ಎತ್ತಿ, ರೂಢಿಯಂತೆ ಪೆಟ್ಟಿಗೆ ತೆರೆದ. ಜೇನಿನ ಗಡಿಗೆ.

"ನೀಲಾ," ಎಂದ, ಟಿವಿಗೆ.

"ಇಲ್ಲೆ ಅದೀನ್ರಿ," ಎಂದಿತು ಅಡುಗೆಮನೆ.

ಅವಳು ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಒಂದ್ ಮಾತು ಕೇಳ್ತೀನಿ. ಇಷ್ಟು ತಿಂಗಳು ಆಟದಾಗ ಕಟಗಿ ಕಡದೀರಿ. ಗಾರ್ಡುಗಳಿಗೆ ಡ್ಯೂಟಿ ಹಚ್ಚೂ ಲಾಬಿಯೊಳಗ ಹಗಲಿ ಕೆಲಸಾ ಕೊಡ್ರಿ ಅಂತ ಸಾಹೇಬರಿಗೆ ಒಂದ್ ಅರ್ಜಿ ಕೊಡಾಕ ಆಗಲಿಲ್ಲೇನು?"

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ. "ಅದು ಹೊಳೀಲೇ ಇಲ್ಲ ನೋಡು."

"ನಾನೂ ಹಗಲಿ ಓಪಿಡಿ ಕೇಳಲಿಲ್ಲ. ಪಗಾರ ಕಡಿಮಿ ಅಂತ ಬಿಟ್ಟಿದ್ದೆ," ಎಂದಳು. "ಬರ್ರಿ, ರೊಟ್ಟಿ ಆರ್ತಾವು. ಇವು ಖರೇ ರೊಟ್ಟಿ."

ಅಂದು ಪರದೇಶಿಗೆ ಊಟವಿಲ್ಲ.

ಅರ್ಜಿಗಳು ಹೋದವು. ಸಾವಕಾಶವಾಗಿ ಆದರೂ ಇಬ್ಬರಿಗೂ ಹಗಲು ಕೆಲಸ ಸಿಕ್ಕಿತು. ಈಗ ಮೀಟರ್ ಡಬ್ಬಿಯ ಮೇಲೆ ಬೀಗದ ಕೈ ಇರುವುದಿಲ್ಲ. ಸಂಜೆ ಇಬ್ಬರೂ ಮನೆಯಲ್ಲಿ ಇರುತ್ತಾರೆ. ಮಾತಾಡುತ್ತಾರೆ, ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಾರೆ. ಟಿವಿಯಲ್ಲಿ ಧಾರಾವಾಹಿ ಬರುತ್ತದೆ. ಎದುರೆದುರು ಕೂತವರಿಗೆ ಪೆಟ್ಟಿಗೆ ಏತಕ್ಕೆ ಬೇಕು? ಅವರು ಒಬ್ಬರಿಗೊಬ್ಬರು ಸಿಕ್ಕ ಮೇಲೆ ನಾನು ಯಾರಿಗೂ ಸಿಗಲಿಲ್ಲ.

ಕೊನೆಯ ಸಲ ನನ್ನನ್ನು ಎತ್ತಿದ್ದು ಒಂದು ಭಾನುವಾರ. ಅಷ್ಟರಲ್ಲಿ ನನಗೆ ವಯಸ್ಸಾಗಿತ್ತು. ಎಡಗಡೆಯ ಕಡ್ಡಿ ಸಡಿಲವಾಗಿ, ಯಾರೂ ಮುಟ್ಟದಿದ್ದರೂ ಒಂದು ಕಡೆಗೆ ವಾಲುತ್ತದೆ. ಟಿವಿಯಲ್ಲಿ ಪರದೇಶಿ ಹಾಸಿಗೆಯಿಂದ ಎದ್ದು, ತನ್ನಷ್ಟಕ್ಕೆ ತಾನೇ ಬಾಗಿಲ ಕಡೆ ನಿಧಾನವಾಗಿ ನಡೆಯತೊಡಗಿದ.

"ಎಲ್ಲಿಗಿ ಹೊಂಟಾನ್ರಿ ಇವ?" ನೀಲಾ ಕೇಳಿದಳು.

"ಫೋನ್ ಬಂದಿರಬೇಕು. ಡ್ಯೂಟಿಗಿ," ಎಂದ ರುದ್ರಮುನಿ.

ಇಬ್ಬರೂ ನಕ್ಕರು. ಪರದೇಶಿ ಗೋಡೆಗೆ ತಾಗಿ, ಅಲ್ಲೇ ಕಾಲು ಆಡಿಸುತ್ತ ನಿಂತ. ಟಿವಿ ಆರಿತು. ಕತ್ತಲೆಯಲ್ಲಿ ಅವನು ಇನ್ನೂ ನಡೆಯುತ್ತಿದ್ದಾನೋ ಏನೋ. ಅವನಿಗೂ ನನಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಅಡುಗೆಮನೆಗೆ ಹೊಸ ಗಡಿಯಾರ ಬಂತು. ಸೆಲ್ ಇರಲಿಲ್ಲ. ನೀಲಾ ನನ್ನ ಹೊಟ್ಟೆಯ ಮುಚ್ಚಳ ತೆಗೆದು ಎರಡನ್ನೂ ಹೊರಗೆಳೆದಳು. ಒಂದನ್ನು ಗಡಿಯಾರಕ್ಕೆ ಹಾಕಿ ಇನ್ನೊಂದನ್ನು ಎತ್ತಿಟ್ಟಳು. ಹಾಗೇ ಬಿಟ್ಟರೆ ಒಳಗೇ ಸೋರಿ ಕೆಡಿಸುತ್ತವೆ ಎಂದು ಅವಳಿಗೆ ಗೊತ್ತು. ನನ್ನ ನಡುಕ ಅಲ್ಲಿಗೆ ಮುಗಿಯಿತು. ಮುಚ್ಚಳ ಹಾಕಿ ಡ್ರಾಯರಿಗೆ ಇಡುವವಳು ತಡೆದಳು. ಮತ್ತೆ ಮುಚ್ಚಳ ತೆಗೆದು ಒಳಗೆ ನೋಡಿದಳು. ಎರಡು ಖಾಲಿ ತೊಟ್ಟಿಲು.

"ಏನ್ ಹುಡಕಾಕತ್ತಿ?" ಒಳಗಿನಿಂದ ರುದ್ರಮುನಿ ಕೇಳಿದ.

"ಏನಿಲ್ರಿ. ಸಕ್ಕರಿ ಹಾಕಿದ್ರ ಇರವಿ ಬರ್ತಾವು," ಎಂದಳು.

ಸಾಂಬಾರ ಡಬ್ಬಿಯಿಂದ ಎರಡು ಲವಂಗ ತಂದು, ಒಂದೊಂದು ಜಾಗಕ್ಕೆ ಒಂದೊಂದು ಇಟ್ಟು, ಮುಚ್ಚಳ ಹಾಕಿದಳು.

ಈಗ ಡ್ರಾಯರಿನಲ್ಲಿ ಹಳೆಯ ಚಾರ್ಜರುಗಳು, ನನ್ನ ಬೆನ್ನಿನಿಂದ ಕಳಚಿ ಸುರುಳಿಯಾದ ಕೆಂಪು ಟೇಪು, ಮತ್ತು ನಾನು. ಕತ್ತಲೆ ಬಹಳ. ಯಾರಾದರೂ ಕತ್ತರಿ ಹುಡುಕಲು ಡ್ರಾಯರು ಎಳೆದಾಗ ನನ್ನ ಹೊಟ್ಟೆಯಲ್ಲಿ ಲವಂಗಗಳು ಕಟಕಟ ಎನ್ನುತ್ತವೆ.